ನೆಲಕ್ಕೂ ಒಂದು ಪಾಸ್‌ಬುಕ್

ಗಜೇಂದ್ರಗಡದಿಂದ ಏಳನೇ ಇಯತ್ತೆಯ ಹುಡುಗಿಯೊಬ್ಬಳು ಕಾರ್ಡು ಬರೆದಿದ್ದಾಳೆ. ಅಕ್ಷರ ಮುತ್ತಿನಂತಿವೆ. ಪ್ರಶ್ನೆ ಮಾತ್ರ ಕಲ್ಲಿನಂತೆ ಗಟ್ಟಿ: "ಅಜ್ಜಾ, ನೆಲದ ಒಳಗಿಂದ ಕಲ್ಲಿದ್ದಲು ತೆಗೀತಾರ ಅಂತ ಪುಸ್ತಕದಾಗ ಐತಿ. ಒಳಗಿಂದು ತೆಗೆದ ಮ್ಯಾಲೆ ಮ್ಯಾಲಿನ ಊರು ಕೆಳಗ ಇಳಿಯೂದಿಲ್ಲೇನು?"

ಇಳಿಯುತ್ತದೆ, ಮಗಳೇ. ಎಲ್ಲ ಕಡೆಯೂ ಅಲ್ಲ, ಒಮ್ಮೆಲೇ ಅಲ್ಲ, ಆದರೆ ಇಳಿಯುತ್ತದೆ. ಪಶ್ಚಿಮ ಬಂಗಾಲದ ರಾಣಿಗಂಜ್, ಜಾರ್ಖಂಡದ ಝರಿಯಾ ಸುತ್ತಮುತ್ತ ಗೋಡೆ ಬಿರಿದು ಜನ ಮನೆ ಬಿಟ್ಟದ್ದುಂಟು. ಝರಿಯಾದಲ್ಲಂತೂ ನೆಲದೊಳಗೆ ಬೆಂಕಿಯೇ ಇದೆ. 1916ರಲ್ಲಿ ಮೊದಲು ಕಂಡ ಆ ಬೆಂಕಿ ನೂರು ವರ್ಷ ದಾಟಿದರೂ ಪೂರ್ತಿ ಆರಿಲ್ಲ.

ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ರಾಯಚೂರು ಹತ್ತಿರದ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಅದನ್ನು ಉರಿಸಿದ ವಿದ್ಯುತ್ತಿನಲ್ಲಿ ನಮ್ಮ ಮನೆಯ ಬಲ್ಬಿನ ಪಾಲೂ ಉಂಟು. ಆದರೆ ಕಾಲ ಕೆಳಗೆ ನೆಲ ಟೊಳ್ಳಾಗಿರುವುದು ನಮಗೇನೂ ಹೊಸತಲ್ಲ. ಬೇಕಿದ್ದರೆ ನರಗುಂದದವರನ್ನು ಕೇಳಿ ನೋಡಿ. ಅಲ್ಲಿಗೆ ಆಮೇಲೆ ಹೋಗೋಣ, ಮೊದಲು ಗಣಿಯ ಲೆಕ್ಕ.

ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನು, ಭೂವಿಜ್ಞಾನಿ ಅಲ್ಲ. ಆದರೂ ಈ ವಿಷಯ ಓದುತ್ತ ಹೋದಂತೆ ನಮ್ಮ ಕಿರ್ದಿ, ಖತಾವಣಿಗಳೇ ಕಣ್ಣ ಮುಂದೆ ಬಂದವು. ನೆಲ ಇಳಿಯುವುದನ್ನು ಅಳೆಯುವ ವಿದ್ಯೆ ಅರ್ಧ ಯಂತ್ರದ ಕೆಲಸ, ಇನ್ನರ್ಧ ಶಿಸ್ತಿನಿಂದ ಲೆಕ್ಕ ಬರೆಯುವ ಕೆಲಸ.

ಕಲ್ಲಿದ್ದಲು ಭೂಮಿಯೊಳಗೆ ಹಾಸಿಗೆಯ ಹಾಗೆ ಪದರವಾಗಿ ಇರುತ್ತದೆ. ಒಂದು ಗಣಿಯಲ್ಲಿ ಆ ಪದರ 3 ಮೀಟರ್ ದಪ್ಪ ಇದೆ, ಅದು 100 ಮೀಟರ್ ಆಳದಲ್ಲಿದೆ ಎಂದುಕೊಳ್ಳಿ. ಕೆಲವು ಗಣಿಗಳಲ್ಲಿ ಕೋಣೆ ಕೊರೆಯುತ್ತ ನಡುನಡುವೆ ಕಲ್ಲಿದ್ದಲಿನದೇ ಕಂಬಗಳನ್ನು ಬಿಡುತ್ತಾರೆ. ಕಂಬ ಗಟ್ಟಿ ಇರುವ ತನಕ ಮೇಲಿನ ನೆಲ ಹೆಚ್ಚು ಅಲುಗುವುದಿಲ್ಲ. ಇನ್ನು ಕೆಲವು ಕಡೆ ಕಂಬವನ್ನೂ ತೆಗೆದುಬಿಡುತ್ತಾರೆ. ಆಗ ಮೇಲಿನ ಬಂಡೆ ಮುರಿದು ಖಾಲಿ ಜಾಗಕ್ಕೆ ಬೀಳುತ್ತದೆ, ಅದರ ಮೇಲಿನದು ಬಾಗುತ್ತದೆ, ಬಾಗುತ್ತ ಬಾಗುತ್ತ ಅದು ಮೇಲಿನ ಹೊಲದ ತನಕ ಬರುತ್ತದೆ. ಹೊಲದಲ್ಲಿ ಗುಂಡಿ ಬೀಳುವುದಿಲ್ಲ, ಊಟದ ತಾಟಿನಂತೆ ಅಗಲವಾದ ತಗ್ಗು ಆಗುತ್ತದೆ. 3 ಮೀಟರ್ ಪದರ ತೆಗೆದರೆ ನೆಲ 3 ಮೀಟರ್ ಪೂರ್ತಿ ಇಳಿಯುವುದಿಲ್ಲ. ಮುರಿದ ಬಂಡೆ ಇಡಿಯ ಬಂಡೆಗಿಂತ ಹೆಚ್ಚು ಜಾಗ ಹಿಡಿಯುತ್ತದಲ್ಲ! ಮೀಟರಿಗೆ 60 ಸೆಂಟಿಮೀಟರ್ ಲೆಕ್ಕ ಹಿಡಿದರೆ ನಡುವೆ 1.8 ಮೀಟರ್ ತಗ್ಗು. ಬಂಡೆಯ ಗುಣ ನೋಡಿಕೊಂಡು ಇದು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಸಿಂಗರೇಣಿಯಲ್ಲಿ ಗೋದಾವರಿಯ ಮರಳನ್ನು ನೀರಿನ ಜೊತೆ ಒಳಗೆ ಹರಿಸಿ ಖಾಲಿ ಜಾಗ ತುಂಬುವ ಪದ್ಧತಿ ಇತ್ತು. ಹಾಗೆ ತುಂಬಿದಲ್ಲಿ ಇಳಿತ ಬಹಳ ಕಡಿಮೆ.

ಇನ್ನೊಂದು ಸಂಗತಿ ನನಗೇ ಆಶ್ಚರ್ಯ ತಂದಿತು. ತಗ್ಗು ಗಣಿಯ ನೆತ್ತಿಯ ಮೇಲೆ ಮಾತ್ರ ಆಗುವುದಿಲ್ಲ, ಅಂಚು ದಾಟಿ ಆಚೆಗೂ ಹರಡುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಅದು ನೆಟ್ಟಗಿನ ಗೆರೆಯಿಂದ ಸುಮಾರು 35 ಡಿಗ್ರಿ ಓರೆಯಾಗಿ ಹೊರಗೆ ಹರಡುತ್ತದೆ ಎಂದು ಕಂಡುಕೊಂಡಿದ್ದರು. ಹಾಗಾದರೆ 100 ಮೀಟರ್ ಆಳದ ಗಣಿಗೆ ಅಂಚಿನಿಂದ 70 ಮೀಟರ್ ಆಚೆಗೂ ನೆಲ ಸ್ವಲ್ಪ ಅಲುಗೀತು. ತನ್ನ ಹೊಲದ ಕೆಳಗೆ ಗಣಿಯೇ ಇಲ್ಲದವನ ಗೋಡೆಯೂ ಬಿರಿಯುವುದು ಹೀಗೆ.

ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ಒಂದು ರಟ್ಟಿನ ಡಬ್ಬಿಯ ತಳದಲ್ಲಿ ಸ್ವಲ್ಪ ಗಾಳಿ ತುಂಬಿದ ಪುಗ್ಗೆ ಇಟ್ಟು, ಅದರ ಬಾಯಿಯನ್ನು ಡಬ್ಬಿಯ ಪಕ್ಕದ ತೂತಿನಿಂದ ಹೊರಗೆ ತನ್ನಿ. ಮೇಲೆ ನಾಲ್ಕು ಬೆರಳು ದಪ್ಪ ರವೆ ಹಾಕಿ ಸಮ ಮಾಡಿ, ಒಂದೇ ಸಾಲಿನಲ್ಲಿ ಬೆಂಕಿಕಡ್ಡಿ ನೆಡಿ. ಈಗ ಪುಗ್ಗೆಯ ಗಾಳಿಯನ್ನು ನಿಧಾನ ಬಿಡಿ. ನಟ್ಟ ನಡುವಿನ ಕಡ್ಡಿ ಹೆಚ್ಚು ಕೆಳಗೆ ಇಳಿಯುತ್ತದೆ, ಆದರೆ ನೆಟ್ಟಗೇ ನಿಂತಿರುತ್ತದೆ. ಅಂಚಿನ ಕಡ್ಡಿಗಳು ಸ್ವಲ್ಪವೇ ಇಳಿದರೂ ಓರೆಯಾಗುತ್ತವೆ. (ರವೆ ಆಮೇಲೆ ಉಪ್ಪಿಟ್ಟಿಗೆ ಬರುತ್ತದೆ, ಅಮ್ಮನಿಗೆ ಹೇಳಿ ತೆಗೆದುಕೊಳ್ಳಿ.)

ಆ ಓರೆ ನಿಂತ ಕಡ್ಡಿಯಲ್ಲಿಯೇ ಎಲ್ಲ ಇದೆ. ಇಡೀ ಮನೆ ಸಮನಾಗಿ ಒಂದು ಗೇಣು ಇಳಿದರೆ ಒಳಗಿದ್ದವರಿಗೆ ಗೊತ್ತೇ ಆಗಲಿಕ್ಕಿಲ್ಲ. ಒಂದು ಮೂಲೆ ಎರಡು ಬೆರಳು ಇಳಿದು ಇನ್ನೊಂದು ಮೂಲೆ ಇದ್ದಲ್ಲೇ ಇದ್ದರೆ ಗೋಡೆ ಬಿರಿಯುತ್ತದೆ, ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ. ಆದ್ದರಿಂದ ಅಳೆಯುವವರು ಒಂದು ಜಾಗ ಎಷ್ಟು ಇಳಿಯಿತು ಎಂದಷ್ಟೇ ನೋಡಿದರೆ ಸಾಲದು, ಪಕ್ಕದ ಜಾಗಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಬೇಕು.

ಅಳೆಯುವುದು ಹೇಗೆ? ಗಣಿ ತೋಡುವ ಮೊದಲೇ ಮೇಲಿನ ಹೊಲದಲ್ಲಿ ಸಾಲಾಗಿ ಗೂಟ ಅಥವಾ ಸಿಮೆಂಟಿನ ಚಿಕ್ಕ ಕಂಬ ಹುಗಿಯುತ್ತಾರೆ. ದೂರದಲ್ಲಿ, ಗಣಿಯ ಪ್ರಭಾವ ಮುಟ್ಟದ ಕಡೆ, ಅಲುಗದ ಒಂದು ಗುರುತು ಹಾಕಿಕೊಳ್ಳುತ್ತಾರೆ. ಅದಕ್ಕೆ ಬೆಂಚ್ ಮಾರ್ಕ್ ಎನ್ನುತ್ತಾರೆ, ನಾನು ಆರಂಭ ಶಿಲ್ಕು ಎನ್ನುತ್ತೇನೆ. ಮೂರು ಕಾಲಿನ ಮೇಲೆ ದುರ್ಬೀನಿನಂಥ ಲೆವೆಲ್ ಯಂತ್ರ ನಿಲ್ಲಿಸಿ, ಎತ್ತರದ ಅಳತೆಪಟ್ಟಿಯನ್ನು ಒಬ್ಬರು ಹಿಡಿದು ನಿಂತರೆ, ಇನ್ನೊಬ್ಬರು ಯಂತ್ರದೊಳಗಿಂದ ನೋಡಿ ಅಂಕಿ ಓದುತ್ತಾರೆ. ರಸ್ತೆ ಕೆಲಸದಲ್ಲಿ ನೀವೂ ಇದನ್ನು ನೋಡಿರುತ್ತೀರಿ.

ಪೆನ್ಸಿಲ್ ತೆಗೆದುಕೊಳ್ಳಿ. ಬೆಂಚ್ ಮಾರ್ಕಿನ ಎತ್ತರ 100.000 ಮೀಟರ್ ಎಂದು ಇಟ್ಟುಕೊಳ್ಳೋಣ. ಅಲ್ಲಿ ಪಟ್ಟಿ ಹಿಡಿದಾಗ ಓದಿದ್ದು 1.250. ಅಂದರೆ ಯಂತ್ರದ ಕಣ್ಣು 101.250 ಎತ್ತರದಲ್ಲಿದೆ. ಮೊದಲನೇ ಗೂಟದ ಮೇಲೆ ಓದಿದ್ದು 1.870, ಆದ್ದರಿಂದ ಅದರ ಎತ್ತರ 99.380. ಹತ್ತು ಮೀಟರ್ ಆಚೆಯ ಎರಡನೇ ಗೂಟದಲ್ಲಿ 1.640, ಎತ್ತರ 99.610. ಮುಂದಿನ ತಿಂಗಳು ಯಂತ್ರ ಬೇರೆ ಎತ್ತರದಲ್ಲಿ ನಿಂತಿದೆ, ಬೆಂಚ್ ಮಾರ್ಕಿನಲ್ಲಿ ಈಗ 1.310 ಬಂತು. ಮೊದಲನೇ ಗೂಟ 1.938, ಎರಡನೆಯದು 1.700. ಕಳೆದು ನೋಡಿ. ಮೊದಲನೇ ಗೂಟ 99.372ಕ್ಕೆ ಬಂದಿದೆ, 8 ಮಿಲಿಮೀಟರ್ ಇಳಿದಿದೆ. ಎರಡನೆಯದು ಇದ್ದಲ್ಲೇ ಇದೆ. ಹತ್ತು ಮೀಟರಿನಲ್ಲಿ 8 ಮಿಲಿಮೀಟರ್ ಓರೆ. ಎಂಟು ಮಿಲಿಮೀಟರ್ ಅಂದರೆ ಒಂದು ಬೆರಳಿನ ಅಗಲವೂ ಇಲ್ಲ, ಕಣ್ಣಿಗೆ ಎಂದೂ ಕಾಣದು. ಬರೆದಿಟ್ಟದ್ದರಿಂದ ಕಂಡಿತು.

ನಮ್ಮ ಬ್ಯಾಂಕಿನಲ್ಲಿ ಕಂಪ್ಯೂಟರ್ ಬರುವ ಮೊದಲು ದಿನದ ಲೆಕ್ಕ ಹತ್ತು ಪೈಸೆ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಸರ್ವೆಯವರದೂ ಅದೇ ಕಟ್ಟಳೆ. ಬೆಂಚ್ ಮಾರ್ಕಿನಿಂದ ಹೊರಟು ಎಲ್ಲ ಗೂಟ ಮುಟ್ಟಿ ಮತ್ತೆ ಅದೇ ಬೆಂಚ್ ಮಾರ್ಕಿಗೆ ಬರಬೇಕು. ಏರಿದ್ದೆಲ್ಲ ಕೂಡಿ, ಇಳಿದದ್ದೆಲ್ಲ ಕಳೆದರೆ ಸೊನ್ನೆ ಬರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಒಪ್ಪುತ್ತಾರೆ, ಹೆಚ್ಚು ಬಂದರೆ ಮತ್ತೆ ಮೊದಲಿನಿಂದ. ಪುಸ್ತಕದಲ್ಲಿ ಏರಿಕೆಗೊಂದು ಕಾಲಂ, ಇಳಿಕೆಗೊಂದು ಕಾಲಂ. ಅದನ್ನು ನೋಡಿದಾಗ ಜಮಾ-ಖರ್ಚಿನ ಪುಸ್ತಕವನ್ನೇ ನೋಡಿದಂತಾಯಿತು.

ನಮ್ಮ ರೋಣ, ನರಗುಂದದ ಎರೆಮಣ್ಣಿನಲ್ಲಿ ಇದಕ್ಕೊಂದು ತೊಡಕು ಇದೆ. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಸಿಗುವಷ್ಟು ಬಿರಿಯುತ್ತದೆ. ಅದರಲ್ಲಿ ಹುಗಿದ ಗೂಟವೇ ಮೇಲೆ ಕೆಳಗೆ ಆಡುತ್ತಿದ್ದರೆ ಯಾವುದನ್ನು ನಂಬುವುದು? ಬೆಂಚ್ ಮಾರ್ಕು ಗಟ್ಟಿ ಬಂಡೆಯ ಮೇಲೇ ಬೇಕು. ಪುಣ್ಯಕ್ಕೆ ನರಗುಂದಕ್ಕೂ ಗಜೇಂದ್ರಗಡಕ್ಕೂ ಕೋಟೆಯ ಗುಡ್ಡಗಳಿವೆ. ರೋಣದವರು ಮಾತ್ರ ಆಳಕ್ಕೆ ತೋಡಿ ಗಟ್ಟಿ ನೆಲ ಹುಡುಕಬೇಕು.

ಇದು ಆದದ್ದನ್ನು ಅಳೆಯುವ ಮಾತಾಯಿತು. ಆಗುವುದನ್ನು ಮೊದಲೇ ಹೇಳುವುದಕ್ಕೂ ಲೆಕ್ಕವಿದೆ. ಪೋಲೆಂಡಿನ ಸ್ಟಾನಿಸ್ಲಾವ್ ಕ್ನೋಥೆ ಎಂಬವರು 1950ರ ದಶಕದಲ್ಲಿ ಕೊಟ್ಟ ದಾರಿ ಇಂದಿಗೂ ಬಳಕೆಯಲ್ಲಿದೆ. ಒಳಗೆ ತೆಗೆದ ಒಂದೊಂದು ಚೂರು ಕಲ್ಲಿದ್ದಲೂ ಮೇಲಿನ ನೆಲಕ್ಕೆ ಒಂದೊಂದು ಪುಟ್ಟ ತಗ್ಗು ಕೊಡುತ್ತದೆ. ಆ ತಗ್ಗು ತಲೆಕೆಳಗಾದ ಗಂಟೆಯ ಆಕಾರದ್ದು, ನೇರ ಮೇಲೆ ಹೆಚ್ಚು, ದೂರ ಹೋದಂತೆ ಕಡಿಮೆ. ಎಲ್ಲ ಚೂರುಗಳ ತಗ್ಗನ್ನೂ ಕೂಡಿಸಿದರೆ ದೊಡ್ಡ ತಾಟಿನ ಆಕಾರ ಬರುತ್ತದೆ. ಸಣ್ಣ ಸಣ್ಣ ಚೀಟಿಗಳನ್ನೆಲ್ಲ ಖತಾವಣಿಗೆ ಏರಿಸಿ ಮೊತ್ತ ಹಾಕಿದ ಹಾಗೆ. ಬ್ರಿಟನ್ನಿನ ನ್ಯಾಷನಲ್ ಕೋಲ್ ಬೋರ್ಡಿನವರು ಇನ್ನೊಂದು ದಾರಿ ಹಿಡಿದರು. ತಮ್ಮ ಗಣಿಗಳ ಮೇಲೆ ತೆಗೆದ ಅಳತೆಗಳನ್ನೆಲ್ಲ ಕೂಡಿಸಿ ನಕ್ಷೆ, ಕೋಷ್ಟಕಗಳ ಕೈಪಿಡಿಯನ್ನೇ ಮಾಡಿದರು, 1975ರಲ್ಲಿ ಅದನ್ನು ಪರಿಷ್ಕರಿಸಿದರು. ಗಣಿಯ ಅಗಲ ಅದರ ಆಳದ ಸುಮಾರು 1.4 ಪಟ್ಟು ಆದಾಗ ನಡುವಿನ ತಗ್ಗು ಪೂರ್ತಿ ಬರುತ್ತದೆ, ಅದಕ್ಕಿಂತ ಕಿರಿದಾದರೆ ಬಂಡೆ ಸೇತುವೆಯಂತೆ ತಡೆದು ನಿಲ್ಲುತ್ತದೆ ಎಂಬುದೆಲ್ಲ ಅವರ ಲೆಕ್ಕದಲ್ಲಿ ಬಂದದ್ದು.

ಈಗ ಮೇಲಿನಿಂದಲೂ ನೋಡುತ್ತಾರೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ನಮ್ಮ ಇಸ್ರೋ ಮತ್ತು ಅಮೆರಿಕದ ನಾಸಾ ಕೂಡಿ ಮಾಡಿದ್ದು. ಅದು 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು ನೆಲಕ್ಕೆ ರೇಡಾರ್ ಅಲೆ ಬಿಟ್ಟು, ತಿರುಗಿ ಬಂದದ್ದನ್ನು ಹಿಂದಿನ ಸಲದ್ದರ ಜೊತೆ ಹೋಲಿಸುತ್ತದೆ. ಅದರ ಒಂದು ಅಲೆಯ ಉದ್ದ 24 ಸೆಂಟಿಮೀಟರ್. ಅಲೆ ಹೋಗಿ ಬರುವುದರಿಂದ, ನೆಲ 12 ಸೆಂಟಿಮೀಟರ್ ದೂರ ಸರಿದರೆ ಒಂದು ಅಲೆ ಪೂರ್ತಿ ಹಿಂದೆ ಬೀಳುತ್ತದೆ. ಅಲೆಯ ಒಂದು ಚೂರು ಹಿಂದೆ ಬಿದ್ದರೂ ಹಿಡಿಯುತ್ತಾರೆ. ಉದ್ದ ಅಲೆ ಎಲೆಗಳ ನಡುವೆ ನುಸುಳಿ ನೆಲ ಮುಟ್ಟುವುದರಿಂದ ಪೈರಿದ್ದ ಹೊಲದಲ್ಲೂ ಅಷ್ಟೊಂದು ತೊಂದರೆ ಆಗುವುದಿಲ್ಲ.

ಇಷ್ಟೆಲ್ಲ ಯಂತ್ರ ಇದ್ದ ಮೇಲೆ ಇನ್ನೇನು ಭಯ ಎನ್ನುತ್ತೀರೇನೋ. ಈಗ ನರಗುಂದಕ್ಕೆ ಬನ್ನಿ.

2019, 2020ರ ಸುಮಾರಿಗೆ ನರಗುಂದದ ಹಳೆಯ ಓಣಿಗಳಲ್ಲಿ ನೆಲ ಕುಸಿಯುವ ಸುದ್ದಿ ಮೇಲಿಂದ ಮೇಲೆ ಪತ್ರಿಕೆಯಲ್ಲಿ ಬಂತು. ನಿನ್ನೆಯ ತನಕ ಗಟ್ಟಿ ಇದ್ದ ನೆಲ ಇವತ್ತು ಬಾಯಿ ತೆರೆದು ಗುಂಡಿಯಾಗುವುದು. ಮನೆಯೊಳಗೂ ಆಯಿತು, ಬೀದಿಯಲ್ಲೂ ಆಯಿತು. ಅಲ್ಲಿ ಯಾವ ಗಣಿಯೂ ಇರಲಿಲ್ಲ. ಕಾರಣ ಹುಡುಕಿದಾಗ ಎರಡು ಹೆಸರು ಮುಂದೆ ಬಂದವು: ಹಳೆಯ ಹಗೇವು, ಮತ್ತು ಮೇಲೆ ಏರಿದ ಅಂತರ್ಜಲ.

ಹಗೇವು ಎಂದರೇನೆಂದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಅಜ್ಜಿಯನ್ನು ಕೇಳಿ, ಅವರ ಮುಖ ಅರಳುತ್ತದೆ. ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಗಡಿಗೆಯಂತೆ ಹೊಟ್ಟೆ ಅಗಲ. ಗೋಡೆಗೆ ಜೋಳದ ಕಣಿಕೆ, ಹುಲ್ಲು ಹಚ್ಚಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಗಾಳಿಯಲ್ಲಿದ್ದ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಬದುಕುವುದಿಲ್ಲ. ವರ್ಷಗಟ್ಟಲೆ ಜೋಳ ಕೆಡದೆ ಉಳಿಯುತ್ತಿತ್ತು, ವಾಸನೆ ಮಾತ್ರ ಹಗೇವಿನದು! ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ದೀಪ ಆರಿದರೆ "ಇನ್ನೂ ಕೆಟ್ಟ ಗಾಳಿ ಐತಿ, ತಡಿ" ಎನ್ನುತ್ತಿದ್ದರು. ಬರಗಾಲದಲ್ಲಿ ಊರು ಬದುಕಿದ್ದು ಇದೇ ಗುಂಡಿಗಳಿಂದ.

ಆಮೇಲೆ ಗೋಣಿಚೀಲ ಬಂತು, ಗೋದಾಮು ಬಂತು, ರೇಷನ್ ಅಂಗಡಿ ಬಂತು. ಹಗೇವಿನ ಕೆಲಸ ಮುಗಿಯಿತು. ಕೆಲವರು ಮಣ್ಣು ಹಾಕಿ ಧಮ್ಮಸು ಮಾಡಿ ಮುಚ್ಚಿದರು. ಹಲವರು ಕಸ, ಬೂದಿ ಸುರಿದು ಬಿಟ್ಟರು. ಕೆಲವದಕ್ಕೆ ಬರೀ ಚಪ್ಪಡಿ. ಮಕ್ಕಳು ಬೇರೆಯಾದರು, ಹಿತ್ತಲು ಹಂಚಿಕೆಯಾಯಿತು, ಅದರ ಮೇಲೇ ಗೋಡೆ ಎದ್ದಿತು.

ಇತ್ತ 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ನೀರು ಬಂತು. ನಮ್ಮ ಬಯಲುಸೀಮೆಗೆ ಅದು ದೊಡ್ಡ ಭಾಗ್ಯ, ಇಲ್ಲ ಎನ್ನುವವನು ನಾನಲ್ಲ. ಆದರೆ ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೊಲಗಳು ಸವಳು-ಜವಳಾದದ್ದು ರೈತರಿಗೆ ಗೊತ್ತು. ಊರೊಳಗೆ ಒಡೆದ ಪೈಪು, ಬಚ್ಚಲ ನೀರು, ಶೌಚದ ಗುಂಡಿ ಬೇರೆ. ಒಣ ಕಾಲದಲ್ಲಿ ಒಣ ಮಣ್ಣಿನಲ್ಲಿ ತೋಡಿದ ಗೋಡೆ ಈಗ ನೆನೆದು ಮೆತ್ತಗಾಗುತ್ತದೆ. ಮೇಲಿನ ಮಣ್ಣು ಒಂದೊಂದೇ ಹೆಂಟೆ ಒಳಗೆ ಉದುರುತ್ತದೆ.

ಇಲ್ಲಿ ಗಣಿಗೂ ಹಗೇವಿಗೂ ಇರುವ ವ್ಯತ್ಯಾಸ ನೋಡಿ. ಗುಂಡಿಯಿಂದ ತೆಗೆದ ಮಣ್ಣನ್ನು ಅದೇ ಗುಂಡಿಗೆ ಹಾಕಿದರೆ ಒಂದಷ್ಟು ಉಳಿದೇ ಉಳಿಯುತ್ತದೆ, ಗಿಡ ನೆಟ್ಟವರಿಗೆಲ್ಲ ಗೊತ್ತು. ಉದುರಿದ ಮಣ್ಣು ಕಾಲು ಪಾಲು ಹೆಚ್ಚು ಜಾಗ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. 2 ಮೀಟರ್ ಎತ್ತರದ ಟೊಳ್ಳು ಇದ್ದರೆ, ಮೇಲಿನಿಂದ 8 ಮೀಟರ್ ಉದುರುವಷ್ಟರಲ್ಲಿ ಆ ಹೆಚ್ಚಿನ ಕಾಲು ಪಾಲೇ 2 ಮೀಟರ್ ಆಗಿ ಟೊಳ್ಳು ತುಂಬಿ ನಿಲ್ಲುತ್ತದೆ. ನೂರು ಮೀಟರ್ ಆಳದ ಗಣಿಯಲ್ಲಿ ಹೀಗೆ ಮೇಲೆ ಬರುವ ಗುಂಡಿ ನಡುವೆಯೇ ಹೂತುಹೋಗುತ್ತದೆ, ಹೊಲಕ್ಕೆ ಬಾಗು ಮಾತ್ರ ಮುಟ್ಟುತ್ತದೆ. ಹಗೇವಿನ ಮೇಲೆ ಇರುವುದು ಒಂದೆರಡು ಮೀಟರ್ ಮಣ್ಣು. ತುಂಬಿ ನಿಲ್ಲುವ ಮೊದಲೇ ಅದು ಮುಗಿದುಹೋಗುತ್ತದೆ. ಕೊನೆಯ ಒಂದು ಗೇಣು ಉಳಿಯುವ ತನಕ ಮೇಲಿನ ನೆಲ ಇದ್ದ ಹಾಗೇ ಇರುತ್ತದೆ.

ಆದ್ದರಿಂದ ಲೆವೆಲ್ ಯಂತ್ರ ಇಲ್ಲಿ ಮೊದಲೇ ಎಚ್ಚರಿಕೆ ಕೊಡುವುದು ಕಷ್ಟ. ಉಪಗ್ರಹಕ್ಕೆ ಒಂದು ಅಡುಗೆಮನೆಯಷ್ಟು ಜಾಗ ತೀರ ಸಣ್ಣದು. ನೆಲದೊಳಗೆ ಅಲೆ ಬಿಟ್ಟು ಟೊಳ್ಳು ಹುಡುಕುವ ರೇಡಾರ್ ಗಾಡಿ ಇದೆ. ಆದರೆ ಹಸಿ ಜೇಡಿಮಣ್ಣು ಆ ಅಲೆಯನ್ನು ಹೀರಿಬಿಡುತ್ತದೆ, ನಮ್ಮ ಎರೆಮಣ್ಣು ಅದೇ ಜಾತಿಯದು. ನೆಲಕ್ಕೆ ವಿದ್ಯುತ್ ಹರಿಸಿ ನೋಡುವ ಪದ್ಧತಿಯೂ ಇದೆ. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ.

ಎಲ್ಲಿ ಎಂಬುದೇ ಪ್ರಶ್ನೆ. ಗಣಿ ಮುಚ್ಚಿದರೂ ಅದರ ನಕ್ಷೆ ಸರ್ಕಾರಕ್ಕೆ ಕೊಡಬೇಕೆಂದು ಕಾನೂನಿದೆ. ಹಗೇವಿಗೆ ನಕ್ಷೆ ಯಾರು ಬರೆದರು? ಉತಾರಿಯಲ್ಲಿ ಇಲ್ಲ, ಖರೀದಿ ಪತ್ರದಲ್ಲಿ ಇಲ್ಲ. ಸಾಲಕ್ಕೆ ಬಂದವರ ಮನೆ ಕಾಗದ ಎಷ್ಟೋ ವರ್ಷ ತಿರುವಿ ಹಾಕಿದವನು ನಾನು. ಚತುಸ್ಸೀಮೆ ಅಚ್ಚುಕಟ್ಟಾಗಿ ಇರುತ್ತದೆ, ಪೂರ್ವಕ್ಕೆ ಇವರ ಮನೆ, ಪಶ್ಚಿಮಕ್ಕೆ ಓಣಿ. ಕೆಳಗೆ ಏನಿದೆ ಎಂಬುದಕ್ಕೆ ಕಾಲಂ ಇಲ್ಲ. ಅದು ಬರೆದಿರುವುದು ಎಪ್ಪತ್ತು, ಎಂಬತ್ತು ದಾಟಿದವರ ತಲೆಯಲ್ಲಿ ಮಾತ್ರ. "ಆ ಬೇವಿನ ಗಿಡದ ಬುಡಕ ಗೌಡರ ಹಗೇವು ಇತ್ತು" ಎಂದು ಹೇಳುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಬೇವಿನ ಗಿಡವಂತೂ ಎಂದೋ ಹೋಗಿದೆ.

ಹಿರಿಯರೇ, ಈ ವಾರ ಒಂದು ಸಂಜೆ ಮೊಮ್ಮಕ್ಕಳನ್ನು ಕರೆದುಕೊಂಡು ನಿಮ್ಮ ಓಣಿಯಲ್ಲಿ ನಡೆದು ಬನ್ನಿ. ನೆನಪಿದ್ದಷ್ಟು ಹಗೇವು ತೋರಿಸಿ. ಯಾರ ಮನೆತನದ್ದು, ಎಷ್ಟು ಚೀಲ ಹಿಡಿಯುತ್ತಿತ್ತು, ಯಾವಾಗ ಮುಚ್ಚಿದರು, ಏನು ಹಾಕಿ ಮುಚ್ಚಿದರು, ಎಲ್ಲ ಹೇಳಿ. ಮಕ್ಕಳೇ, ನೀವು ಬರೆದುಕೊಳ್ಳಿ. ತೆರೆದ ಗುಂಡಿ ಕಂಡರೆ ಬಗ್ಗಿ ನೋಡಬೇಡಿ, ಹತ್ತಿರವೂ ಹೋಗಬೇಡಿ. ಅಂಚಿನ ಮಣ್ಣಿಗೆ ಕೆಳಗೆ ಆಧಾರ ಇರುವುದಿಲ್ಲ, ಒಳಗೆ ಕೆಟ್ಟ ಗಾಳಿಯೂ ಇರಬಹುದು. ದೂರ ನಿಂತು ದೊಡ್ಡವರಿಗೆ ಹೇಳಿ. ಅಂಗಳದಲ್ಲಿ ಹೊಸದಾಗಿ ಗುಂಡಗೆ ತಗ್ಗು ಬಿದ್ದರೆ, ನಡೆದಾಗ ನೆಲ ಡೊಳ್ಳಿನಂತೆ ಸದ್ದು ಮಾಡಿದರೆ, ಸುರಿದ ನೀರು ಒಂದೇ ಕಡೆ ಗಟಗಟ ಇಳಿದುಹೋದರೆ, ಅದನ್ನೂ ತಾರೀಖು ಹಾಕಿ ಬರೆದು ಪುರಸಭೆಗೆ ತಿಳಿಸಿ.

ಜಾಗ ಗುರುತು ಮಾಡುವಾಗ "ಮನೆ ಮುಂದೆ" ಎಂದು ಬರೆದರೆ ನಡೆಯದು, ಮನೆ ನಾಳೆ ಬದಲಾಗುತ್ತದೆ. ಬೇಗ ಬದಲಾಗದ ಎರಡು ಗುರುತು ಹಿಡಿಯಿರಿ, ಗುಡಿಯ ಮೂಲೆಕಲ್ಲು ಮತ್ತು ಬಾವಿಯ ಕಟ್ಟೆ ಎನ್ನಿ. ಟೇಪು ಹಿಡಿದು ಎರಡರಿಂದಲೂ ಹಗೇವಿನ ಬಾಯಿಗೆ ಎಷ್ಟು ಮೀಟರ್ ಎಂದು ಅಳೆಯಿರಿ. ಕಾಗದದ ಮೇಲೆ ಕೈವಾರದಿಂದ ಆ ಎರಡು ವೃತ್ತ ಎಳೆದರೆ ಅವು ಎರಡು ಕಡೆ ಕೂಡುತ್ತವೆ. ಯಾವುದು ನಿಜವಾದ ಜಾಗ? ಅದಕ್ಕೆ ಮೂರನೆಯ ಗುರುತು ಬೇಕು, ಅದು ಮೊದಲಿನ ಎರಡರ ಸಾಲಿನಲ್ಲಿ ಇರಬಾರದು. ಮೂರೂ ಅಳತೆ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಪುರಸಭೆಗೆ ಕೊಟ್ಟು, ಇನ್ನೊಂದನ್ನು ಮನೆಯ ಖರೀದಿ ಪತ್ರದ ಜೊತೆ ಅದೇ ಪಾಕೀಟಿನಲ್ಲಿ ಇಡಿ.